ಕೊಟ್ಟಿಗೆಗೆ ಹೋದ ನೆಲದಡಿಯ ಕರೆಂಟ್ ಲೈನ್ ಕೆಟ್ಟಾಗ: ಅಗೆಯುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಮನೆಯಿಂದ ಕೊಟ್ಟಿಗೆಗೆ, ಅಡಿಕೆ ಗೋದಾಮಿಗೆ ಅಥವಾ ಪಂಪ್ ಶೆಡ್ಡಿಗೆ ನೆಲದಡಿಯಲ್ಲಿ ಎಳೆದ ವಿದ್ಯುತ್ ಲೈನ್ ಕೈಕೊಟ್ಟಾಗ ಬಹಳ ಜನ ಮೊದಲು ಹುಡುಕುವುದು ಗುದ್ದಲಿಯನ್ನು. ಅಂಗಳದುದ್ದಕ್ಕೂ ಅಗೆದು, ಕೊನೆಗೆ ದೋಷ ಕೊಟ್ಟಿಗೆಯ ಗೋಡೆಯ ಮೇಲಿನ ಜಂಕ್ಷನ್ ಬಾಕ್ಸಿನಲ್ಲೇ ಇತ್ತೆಂದು ತಿಳಿಯುವುದು ಅಪರೂಪವೇನಲ್ಲ. ನೆಲದಡಿಯ ಲೈನಿನಲ್ಲಿ ಅಗೆಯುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಎರಡೂ ತುದಿಗಳಲ್ಲಿ ನಿಂತು ಸರಿಯಾದ ಕ್ರಮದಲ್ಲಿ ಅಳತೆ ಮಾಡಿದರೆ, ದೋಷ ಯಾವ ಬಗೆಯದು ಎಂಬುದಷ್ಟೇ ಅಲ್ಲ, ಅದು ಮನೆಯಿಂದ ಎಷ್ಟು ಮೀಟರ್ ದೂರದಲ್ಲಿದೆ ಎಂಬುದನ್ನೂ ಅನೇಕ ಸಲ ಕಂಡುಕೊಳ್ಳಬಹುದು.

ಮಲೆನಾಡು ಮತ್ತು ಕರಾವಳಿಯಲ್ಲಿ ಇಂಥ ಲೈನುಗಳು ಹೆಚ್ಚಾಗಿ ಕೆಡುವುದು ಮಳೆಗಾಲ ಹಿಡಿದುಕೊಂಡ ಮೊದಲ ವಾರಗಳಲ್ಲಿ. ಗೆದ್ದಲೋ ಹೆಗ್ಗಣವೋ ಕೊರೆದಿದ್ದರೂ, ಗುದ್ದಲಿಯ ಪೆಟ್ಟು ತಗುಲಿದ್ದರೂ, ಹಿಂದೆ ಯಾರೋ ಟೇಪು ಸುತ್ತಿ ಹೂತ ಜಾಯಿಂಟ್ ಬಿರುಕು ಬಿಟ್ಟಿದ್ದರೂ ಬೇಸಿಗೆಯ ಒಣ ಮಣ್ಣು ಅದನ್ನು ತೋರಗೊಡುವುದಿಲ್ಲ. ನೆಲ ನೆನೆದೊಡನೆ ಎಲ್ಲವೂ ಹೊರಬೀಳುತ್ತದೆ. ಆದ್ದರಿಂದ ಮಳೆ ಬಂದಾಗ ಮಾತ್ರ ಟ್ರಿಪ್ ಆಗುವ ಲೈನನ್ನು ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಪರೀಕ್ಷಿಸಿ "ಸರಿಯಾಗಿದೆ" ಎನ್ನುವುದರಲ್ಲಿ ಅರ್ಥವಿಲ್ಲ. ಮಳೆ ನಿಂತ, ಗುಡುಗು ಮಿಂಚು ಇಲ್ಲದ ಹೊತ್ತಿನಲ್ಲಿ, ನೆಲ ಇನ್ನೂ ಹಸಿಯಾಗಿರುವಾಗಲೇ ಅಳತೆ ಮಾಡಬೇಕು.

ಮೊದಲು ದನಗಳು, ಆಮೇಲೆ ಲೈನು

ನೆಲದಡಿಯ ಕೇಬಲ್ಲಿನಿಂದ ವಿದ್ಯುತ್ ಸೋರುತ್ತಿದ್ದರೆ ಆ ಜಾಗದ ಸುತ್ತಲಿನ ಹಸಿ ಮಣ್ಣಿನಲ್ಲಿ ವೋಲ್ಟೇಜ್ ಹರಡಿರುತ್ತದೆ. ರಬ್ಬರ್ ಚಪ್ಪಲಿ ತೊಟ್ಟ ಮನುಷ್ಯನಿಗೆ ಏನೂ ಅನಿಸದ ಕಡೆ ಹಸುವಿಗೆ ಪ್ರಾಣಾಪಾಯವಿರಬಹುದು, ಏಕೆಂದರೆ ಅದರ ಮುಂಗಾಲಿಗೂ ಹಿಂಗಾಲಿಗೂ ನಡುವಿನ ಅಂತರ ನಮ್ಮ ಹೆಜ್ಜೆಗಿಂತ ಹೆಚ್ಚು, ಅಷ್ಟು ಅಂತರದ ವೋಲ್ಟೇಜಿನಿಂದ ಹರಿಯುವ ಕರೆಂಟ್ ಎದೆಯ ಭಾಗವನ್ನು ಹಾದೇ ಹೋಗುತ್ತದೆ, ಮೇಲಾಗಿ ಅದು ನಿಲ್ಲುವುದು ಗಂಜಳದಿಂದ ಒದ್ದೆಯಾದ ನೆಲದಲ್ಲಿ. ಹಸು ಇದ್ದಕ್ಕಿದ್ದಂತೆ ಕೊಟ್ಟಿಗೆಗೆ ಕಾಲಿಡಲು ಹಿಂಜರಿದರೆ, ನೀರಿನ ತೊಟ್ಟಿಗೆ ಮೂತಿ ಇಟ್ಟು ಬೆಚ್ಚಿ ಹಿಂದೆ ಸರಿದರೆ, ಹಾಲು ಕರೆಯುವಾಗ ಕಾರಣವಿಲ್ಲದೆ ಕಾಲು ಜಾಡಿಸಿದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ದನಗಳನ್ನು ಬಿಚ್ಚಿ ಬೇರೆಡೆ ಕಟ್ಟಬೇಕು. ಅದು ಹಸುವಿನ ಮೊಂಡುತನವೋ ಕರೆಂಟೋ ಎಂಬುದನ್ನು ಆಮೇಲೆ ನೋಡಬಹುದು. ಲೈನ್ ಹಾದುಹೋದ ಜಾಗದಲ್ಲಿ ಮಕ್ಕಳೂ ಬರಿಗಾಲಿನಲ್ಲಿ ಓಡಾಡಬಾರದು.

ಕರೆಂಟ್ ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್, ಅಂದರೆ ಎಂಸಿಬಿ, ಇದೆಯೆಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು, ಮತ್ತು ಇದನ್ನು ಲೆಕ್ಕ ಹಾಕಿಯೇ ತಿಳಿಯುವುದು ಒಳ್ಳೆಯದು. ಹಳ್ಳಿಯ ಮನೆಯ ಅರ್ತಿಂಗ್ ಮಾರ್ಗದ ಒಟ್ಟು ರೆಸಿಸ್ಟೆನ್ಸ್ 20 ಓಮ್ ಇದೆಯೆಂದುಕೊಳ್ಳಿ. ಫೇಸ್ ತಂತಿ ನೇರವಾಗಿ ಅರ್ತ್‌ಗೆ ತಗುಲಿದರೂ ಹರಿಯುವ ಕರೆಂಟ್ 230 ಭಾಗಿಸು 20, ಅಂದರೆ 11.5 ಆಂಪಿಯರ್. 16 ಆಂಪಿಯರ್ ಎಂಸಿಬಿಯ ಪಾಲಿಗೆ ಇದು ಮಾಮೂಲಿ ಲೋಡ್. ಅದು ಟ್ರಿಪ್ ಆಗದೆ ದಿನವಿಡೀ ಹಾಗೆಯೇ ಇರುತ್ತದೆ, ನೆಲದಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಸೋರಿಕೆಯನ್ನು ಹಿಡಿಯುವುದು, ಹೋದ ಕರೆಂಟಿಗೂ ಹಿಂದಿರುಗಿದ ಕರೆಂಟಿಗೂ ವ್ಯತ್ಯಾಸ ಕಂಡೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮಾತ್ರ. ಅದು ಮನೆಯ ಕಡೆಯಲ್ಲಿ, ಲೈನ್ ಹೊರಡುವ ಜಾಗದಲ್ಲೇ ಇರಬೇಕು. ಕೊಟ್ಟಿಗೆಯೊಳಗಿನ ಬೋರ್ಡಿನಲ್ಲಿ ಮಾತ್ರ ಹಾಕಿಸಿದರೆ ನೆಲದೊಳಗಿನ ಕೇಬಲ್ಲಿಗೆ ಯಾವ ರಕ್ಷಣೆಯೂ ಇರುವುದಿಲ್ಲ.

ಈ ಬರಹದ ಪರೀಕ್ಷೆಗಳಲ್ಲಿ ಹೆಚ್ಚಿನವು ಲೈನನ್ನು ಸಂಪೂರ್ಣ ಬೇರ್ಪಡಿಸಿದ ಮೇಲೆ ಮಾಡುವಂಥವು. ಹಾಗಿದ್ದರೂ ಬೋರ್ಡು ಬಿಚ್ಚುವುದು, ಜಾಯಿಂಟ್ ಮಾಡುವುದು, ಮತ್ತೆ ಚಾಲೂ ಮಾಡುವುದು ಪರವಾನಗಿ ಇರುವ ಗುತ್ತಿಗೆದಾರರ ಅಥವಾ ಪರ್ಮಿಟ್ ಹೊಂದಿದ ವೈರ್‌ಮನ್‌ರ ಕೆಲಸ. ಮೀಟರಿನಿಂದ ಆಚೆಯ ಕಂಬದ ಕಡೆ ತೊಂದರೆ ಇದೆಯೆಂದು ಕಂಡರೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ದೂರು ಕೊಡಬೇಕೇ ಹೊರತು ತಾವೇ ಕೈಹಾಕಬಾರದು.

ಲಕ್ಷಣ ಏನು ಹೇಳುತ್ತದೆ

ಸ್ವಿಚ್ ಹಾಕಿದ ಕ್ಷಣವೇ ಎಂಸಿಬಿ ಢಬ್ಬೆಂದು ಬಿದ್ದರೆ ಫೇಸ್ ಮತ್ತು ನ್ಯೂಟ್ರಲ್ ಒಂದಕ್ಕೊಂದು ತಗುಲಿರುವ ಸಂಭವ ಹೆಚ್ಚು. ಎಂಸಿಬಿ ಬೀಳದೆ ಆರ್‌ಸಿಸಿಬಿ ಮಾತ್ರ ಬೀಳುತ್ತಿದ್ದರೆ ಅದು ನೆಲಕ್ಕೆ ಸೋರಿಕೆ. ಇಲ್ಲಿ ಅನೇಕರನ್ನು ಗೊಂದಲಕ್ಕೆ ದೂಡುವ ಒಂದು ಸಂಗತಿಯಿದೆ: ಕೊಟ್ಟಿಗೆಯ ಎಂಸಿಬಿ ಆಫ್ ಮಾಡಿದರೂ ಆರ್‌ಸಿಸಿಬಿ ಬೀಳುತ್ತದೆ, ಹಾಗಾಗಿ ದೋಷ ಕೊಟ್ಟಿಗೆ ಲೈನಿನದ್ದಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಹಾಗೆಯೇ ಜೋಡಿಸಿಕೊಂಡಿರುತ್ತದೆ. ನೆಲದಡಿಯಲ್ಲಿ ನ್ಯೂಟ್ರಲ್ ತಂತಿ ಮಣ್ಣಿಗೆ ತಗುಲಿದ್ದರೆ, ಮನೆಯೊಳಗೆ ಮಿಕ್ಸಿ ಹಾಕಿದರೂ ಅದರ ಕರೆಂಟಿನಲ್ಲಿ ಒಂದು ಪಾಲು ನೆಲದ ಮೂಲಕ ಹೋಗಿ ಆರ್‌ಸಿಸಿಬಿಯನ್ನು ಬೀಳಿಸುತ್ತದೆ. ಆದ್ದರಿಂದ ಕೊಟ್ಟಿಗೆ ಲೈನಿನ ಫೇಸ್, ನ್ಯೂಟ್ರಲ್ ಎರಡನ್ನೂ ಮನೆಯ ಬೋರ್ಡಿನಿಂದ ಬಿಚ್ಚಿದ ಮೇಲೆಯೇ ಆರ್‌ಸಿಸಿಬಿ ಬೀಳದೆ ನಿಲ್ಲುತ್ತದೆಯೇ ಎಂದು ನೋಡಬೇಕು.

ಯಾವುದೂ ಟ್ರಿಪ್ ಆಗದೆ ಕೊಟ್ಟಿಗೆಯಲ್ಲಿ ಬಲ್ಬು ಉರಿಯದಿದ್ದರೆ ತಂತಿ ಎಲ್ಲೋ ತುಂಡಾಗಿದೆ. ಸಾಕೆಟ್ಟಿನ ಎರಡೂ ತೂತುಗಳಲ್ಲಿ ಟೆಸ್ಟರ್ ಬೆಳಗಿದರೆ ಹೋಗಿರುವುದು ನ್ಯೂಟ್ರಲ್. ಆನ್ ಆಗಿರುವ ಯಾವುದೋ ಉಪಕರಣದ ಮೂಲಕ ಫೇಸ್ ಹಿಂದಿರುಗಿ ನ್ಯೂಟ್ರಲ್ ಕಡೆಗೂ ಬಂದಿರುತ್ತದೆ. ಇನ್ನು ಬಲ್ಬು ಮಂಕಾಗಿ ಉರಿದು, ಹುಲ್ಲು ಕತ್ತರಿಸುವ ಯಂತ್ರ ಹಾಕಿದೊಡನೆ ಮೋಟಾರು ಗುಂಯ್ ಎಂದು ನಿಂತರೆ, ಎಲ್ಲೋ ಒಂದು ಜಾಯಿಂಟ್ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ. ಅಲ್ಯೂಮಿನಿಯಂ ತಂತಿಯ ಇನ್ಸುಲೇಷನ್ ಗೀರಿ ನೀರು ಒಳಹೊಕ್ಕರೆ ಲೋಹ ಬಿಳಿ ಪುಡಿಯಾಗಿ ಸವೆಯುತ್ತಾ ಹೋಗುವುದರಿಂದ, ಅಂಥ ಕೇಬಲ್ಲುಗಳಲ್ಲಿ ಈ ಮಂಕು ಬೆಳಕು ಪೂರ್ಣ ತುಂಡಾಗುವ ಮುನ್ಸೂಚನೆ.

ಬೇರ್ಪಡಿಸಿ, ತುದಿಗಳನ್ನು ನೋಡಿ

ಮೇನ್ ಸ್ವಿಚ್ ಆಫ್ ಮಾಡಿದರೆ ಸಾಲದು; ಇನ್ವರ್ಟರ್ ಅಥವಾ ಸೋಲಾರ್ ಇದ್ದರೆ ಅದನ್ನೂ ನಿಲ್ಲಿಸಬೇಕು. ಕೊಟ್ಟಿಗೆಯ ಒಂದು ಬಲ್ಬನ್ನು ಇನ್ವರ್ಟರ್ ಲೈನಿಗೆ ಸೇರಿಸಿರುವ ಮನೆಗಳು ಸಾಕಷ್ಟಿವೆ. ಸ್ವಿಚ್ಚನ್ನು ಬೇರೆಯವರು ಹಾಕದಂತೆ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಬೇಕು, ಇಲ್ಲವೇ ಬೋರ್ಡಿಗೆ ಬೀಗ ಹಾಕಬೇಕು. ಆಮೇಲೆ ತಂತಿ ಮುಟ್ಟುವ ಮೊದಲು ವೋಲ್ಟೇಜ್ ಇಲ್ಲವೆಂದು ಮಲ್ಟಿಮೀಟರಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಆ ಮೀಟರು ಕೆಲಸ ಮಾಡುತ್ತಿದೆಯೆಂದು ಮುಂಚೆಯೂ ಆಮೇಲೂ ಕರೆಂಟ್ ಇರುವ ಬೇರೊಂದು ಸಾಕೆಟ್ಟಿನಲ್ಲಿ ನೋಡಿಕೊಳ್ಳಬೇಕು. ನಿಯಾನ್ ಟೆಸ್ಟರ್ ಬೆಳಗಲಿಲ್ಲವೆಂಬುದು ಸಾಕ್ಷಿಯಾಗಲಾರದು.

ನಂತರ ಎರಡೂ ತುದಿಗಳ ಬಾಕ್ಸ್ ತೆರೆಯಿರಿ. ಕೇಬಲ್ ನೆಲದಿಂದ ಮೇಲೆದ್ದು ಗೋಡೆ ಹತ್ತುವ ಎರಡಡಿ ಜಾಗವನ್ನು ವಿಶೇಷವಾಗಿ ನೋಡಬೇಕು: ಬಿಸಿಲಿಗೆ ಬಿರಿಯುವುದು, ದನ ಉಜ್ಜುವುದು, ಸಗಣಿ ಬಾಚುವ ಸಲಿಕೆ ತಗುಲುವುದು, ಇಲಿ ಕಡಿಯುವುದು ಎಲ್ಲವೂ ಅಲ್ಲೇ. ಬಾಕ್ಸಿನೊಳಗೆ ಇರುವೆ ಗೂಡು, ಹಸಿರುಗಟ್ಟಿದ ತಾಮ್ರ, ಕಪ್ಪಾಗಿ ಕರಗಿದ ಕನೆಕ್ಟರ್, ಪೈಪಿನೊಳಗಿಂದ ಜಿನುಗುವ ನೀರು ಕಂಡರೆ ಅದನ್ನು ಸರಿಪಡಿಸಿ, ಒಣಗಿಸಿ, ಅಲ್ಲಿಂದ ಮುಂದಿನ ಪರೀಕ್ಷೆಗೆ ಹೋಗಬೇಕು. ತೋಟದ ಕಪ್ಪು ಪೈಪಿನೊಳಗೆ ಮನೆಯೊಳಗಿನ ಮಾಮೂಲಿ ವೈರು ಎಳೆದಿದ್ದರೆ ಆ ಪೈಪು ಮಳೆಗಾಲವಿಡೀ ನೀರು ತುಂಬಿಕೊಂಡೇ ಇರುತ್ತದೆಯೆಂದು ತಿಳಿದುಕೊಳ್ಳಬೇಕು; ಆ ವೈರು ಅಂಥ ಜಾಗಕ್ಕೆ ಮಾಡಿದ್ದಲ್ಲ.

ಮೆಗ್ಗರ್ ಪರೀಕ್ಷೆ

ಮಲ್ಟಿಮೀಟರಿನ ಓಮ್ ಪರೀಕ್ಷೆ ಸಣ್ಣ ಬ್ಯಾಟರಿಯ ಕೆಲವೇ ವೋಲ್ಟಿನಲ್ಲಿ ನಡೆಯುವುದರಿಂದ, 230 ವೋಲ್ಟಿನಲ್ಲಿ ಮಾತ್ರ ತಲೆಯೆತ್ತುವ ಸೋರಿಕೆ ಅದಕ್ಕೆ ಕಾಣದೆ ಹೋಗಬಹುದು. ಇಲ್ಲಿ ಬೇಕಾದುದು 500 ವೋಲ್ಟ್ ಮೆಗ್ಗರ್, ಅಂದರೆ ಹೆಚ್ಚಿನ ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಎಷ್ಟು ಗಟ್ಟಿಯಾಗಿದೆಯೆಂದು ಅಳೆಯುವ ಮೀಟರ್. ಕೇಬಲ್ಲಿನ ಎರಡೂ ತುದಿಗಳಲ್ಲಿ ಎಲ್ಲ ತಂತಿಗಳನ್ನು ಬಿಚ್ಚಿ, ಒಂದಕ್ಕೊಂದು ತಗುಲದಂತೆ ಗಾಳಿಯಲ್ಲಿ ಅಗಲಿಸಿ ಬಿಡಬೇಕು. ಎಲ್‌ಇಡಿ ಬಲ್ಬು, ಚಾರ್ಜರ್, ಆರ್‌ಸಿಸಿಬಿ ಯಾವುದೂ ಲೈನಿಗೆ ಅಂಟಿಕೊಂಡಿರಬಾರದು. 500 ವೋಲ್ಟಿಗೆ ಅವು ಸುಡಬಹುದು, ಅಳತೆಯೂ ತಪ್ಪುತ್ತದೆ. ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಹೀಗೆ ಜೋಡಿ ಜೋಡಿಯಾಗಿ ಒಂದೊಂದು ನಿಮಿಷ ಅಳೆಯಬೇಕು. ಆರ್ಮರ್ಡ್ ಕೇಬಲ್ ಆದರೆ ಪ್ರತಿ ತಂತಿಯನ್ನೂ ಉಕ್ಕಿನ ಕವಚಕ್ಕೆ ಎದುರಾಗಿಯೂ ಅಳೆಯಬೇಕು. ಅಳೆಯುವಾಗ ಆ ತುದಿಯಲ್ಲಿ ಯಾರೂ ತಂತಿ ಮುಟ್ಟಬಾರದು, ಮುಗಿದ ಮೇಲೆ ತಂತಿಯನ್ನು ಡಿಸ್ಚಾರ್ಜ್ ಮಾಡಬೇಕು.

ನಿಯಮದಂತೆ ಕನಿಷ್ಠ 1 ಮೆಗಾಓಮ್ ಬರಬೇಕು. ಅರವತ್ತು ಎಪ್ಪತ್ತು ಮೀಟರಿನ ಆರೋಗ್ಯವಂತ ಕೇಬಲ್ ನೂರಾರು ಮೆಗಾಓಮ್ ತೋರಿಸುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ 15ರಿಂದ 30 ಮಿಲಿಆಂಪಿಯರ್ ನಡುವೆ ಬೀಳುವಂಥದ್ದು, ಅಂದರೆ ಫೇಸಿನ ಸೋರಿಕೆ ಮಾರ್ಗದ ರೆಸಿಸ್ಟೆನ್ಸ್ ಸುಮಾರು 15 ಕಿಲೋಓಮ್‌ಗಿಂತ ಕೆಳಗಿಳಿದ ಮೇಲಷ್ಟೇ ಅದು ಎಚ್ಚರಗೊಳ್ಳುತ್ತದೆ. 15 ಕಿಲೋಓಮ್‌ನಿಂದ 1 ಮೆಗಾಓಮ್ ವರೆಗಿನ ಇಡೀ ವ್ಯಾಪ್ತಿಯಲ್ಲಿ ಕೇಬಲ್ ಕೆಟ್ಟಿದ್ದರೂ ಯಾವ ಸ್ವಿಚ್ಚೂ ಬೀಳುವುದಿಲ್ಲ. ಮೆಗ್ಗರ್ ಪರೀಕ್ಷೆಯನ್ನು ನಾನು ಇಷ್ಟು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ದೋಷ ಎಷ್ಟು ದೂರದಲ್ಲಿದೆ?

ತಂತಿ ನೆಲಕ್ಕೆ ಅಥವಾ ಇನ್ನೊಂದು ತಂತಿಗೆ ಗಟ್ಟಿಯಾಗಿ ತಗುಲಿದ್ದರೆ, ಕೆಲವೇ ಓಮ್ ತೋರಿಸುತ್ತಿದ್ದರೆ, ಮತ್ತು ಕೇಬಲ್ಲಿನಲ್ಲಿ ಕನಿಷ್ಠ ಒಂದು ತಂತಿ ಚೆನ್ನಾಗಿದ್ದರೆ, 12 ವೋಲ್ಟಿನ ಕಾರ್ ಬ್ಯಾಟರಿ, 21 ವ್ಯಾಟಿನ ಇಂಡಿಕೇಟರ್ ಬಲ್ಬು ಮತ್ತು ಮಲ್ಟಿಮೀಟರ್ ಇಟ್ಟುಕೊಂಡು ದೂರವನ್ನು ಅಳೆಯಬಹುದು. ದುಬಾರಿ ಯಂತ್ರ ತರಿಸುವ ಮೊದಲು ಇದನ್ನು ಮಾಡಿ ನೋಡಲೇಬೇಕು.

60 ಮೀಟರ್ ಉದ್ದದ, 2.5 ಚದರ ಮಿಲಿಮೀಟರ್ ತಾಮ್ರದ ಮೂರು ತಂತಿಯ ಕೇಬಲ್ಲಿನಲ್ಲಿ ಫೇಸ್ ತಂತಿ ಅರ್ತ್ ತಂತಿಗೆ ತಗುಲಿದೆ, ನ್ಯೂಟ್ರಲ್ ಸರಿಯಾಗಿದೆ ಎಂದಿಟ್ಟುಕೊಳ್ಳೋಣ. ಕೊಟ್ಟಿಗೆಯ ತುದಿಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ಒಟ್ಟಿಗೆ ಸೇರಿಸಬೇಕು. ಅರ್ತ್ ತಂತಿ ಬಿಡಿಯಾಗಿಯೇ ಇರಲಿ. ಮನೆಯ ತುದಿಯಲ್ಲಿ ಬ್ಯಾಟರಿಯ ಪ್ಲಸ್ಸಿನಿಂದ ಬಲ್ಬಿನ ಮೂಲಕ ಫೇಸ್ ತಂತಿಗೆ, ಮೈನಸ್ಸಿನಿಂದ ಅರ್ತ್ ತಂತಿಗೆ ಜೋಡಿಸಬೇಕು. ಬಲ್ಬು ಇಲ್ಲದೆ ಬ್ಯಾಟರಿಯನ್ನು ನೇರವಾಗಿ ಕೊಡಲೇಬಾರದು. ಈಗ ಕರೆಂಟ್ ಫೇಸ್ ತಂತಿಯಲ್ಲಿ ದೋಷದ ಜಾಗದವರೆಗೆ ಹೋಗಿ ಅರ್ತ್ ತಂತಿಯಲ್ಲಿ ಹಿಂದಿರುಗುತ್ತದೆ. ದೋಷದ ಆಚೆಗಿನ ಫೇಸ್ ತಂತಿಯಲ್ಲೂ ಇಡೀ ನ್ಯೂಟ್ರಲ್ಲಿನಲ್ಲೂ ಕರೆಂಟ್ ಹರಿಯುವುದಿಲ್ಲವಾದ್ದರಿಂದ, ಮನೆಯಲ್ಲಿ ಕೈಗೆ ಸಿಗುವ ನ್ಯೂಟ್ರಲ್ ತುದಿ ದೋಷದ ಜಾಗದ ವೋಲ್ಟೇಜನ್ನೇ ತಂದು ತೋರಿಸುತ್ತದೆ. ಹಾಗಾಗಿ ಮನೆಯ ತುದಿಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಬರುವ ಮಿಲಿವೋಲ್ಟ್, ಮನೆಯಿಂದ ದೋಷದವರೆಗಿನ ತಂತಿಯಲ್ಲಿ ಮಾತ್ರ ಬಿದ್ದ ವೋಲ್ಟೇಜ್. ದೋಷದ ಜಾಗದ ರೆಸಿಸ್ಟೆನ್ಸ್ ಎಷ್ಟಿದೆ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಈ ಪರೀಕ್ಷೆಯ ಸೊಗಸು ಇರುವುದೇ ಅಲ್ಲಿ.

ಕರೆಂಟನ್ನು ಅಳೆದಾಗ 1.5 ಆಂಪಿಯರ್, ಮೀಟರಿನಲ್ಲಿ 390 ಮಿಲಿವೋಲ್ಟ್ ಬಂದರೆ, ಭಾಗಿಸಿದಾಗ 260 ಮಿಲಿಓಮ್. 2.5 ಚದರ ಮಿಲಿಮೀಟರ್ ತಾಮ್ರದ ತಂತಿಯ ರೆಸಿಸ್ಟೆನ್ಸ್ ಮೀಟರಿಗೆ ಸುಮಾರು 7.41 ಮಿಲಿಓಮ್ ಇರುವುದರಿಂದ ದೋಷ ಸುಮಾರು 35 ಮೀಟರ್ ದೂರದಲ್ಲಿದೆ. ಬ್ಯಾಟರಿಯನ್ನು ಕೊಟ್ಟಿಗೆಯ ತುದಿಗೆ ಒಯ್ದು, ತಂತಿಗಳನ್ನು ಮನೆಯ ಕಡೆ ಸೇರಿಸಿ, ಇದೇ ಅಳತೆಯನ್ನು ತಿರುಗಿ ಮಾಡಿದರೆ ಸುಮಾರು 280 ಮಿಲಿವೋಲ್ಟ್ ಬರಬೇಕು, ಅಂದರೆ ಆ ಕಡೆಯಿಂದ 25 ಮೀಟರ್. ಎರಡೂ ಕೂಡಿದಾಗ ಕೇಬಲ್ಲಿನ ಉದ್ದ ಬಂದರೆ ಅಳತೆಯನ್ನು ನಂಬಬಹುದು. ತಂತಿಯ ದಪ್ಪ ಗೊತ್ತಿಲ್ಲದಿದ್ದರೂ, ಎರಡೂ ಕಡೆ ಕರೆಂಟ್ ಒಂದೇ ಇದ್ದರೆ, ಎರಡು ಮಿಲಿವೋಲ್ಟುಗಳ ಅನುಪಾತದಲ್ಲಿ ಒಟ್ಟು ಉದ್ದವನ್ನು ಹಂಚಿದರೆ ಸಾಕು. ನಡುವೆ ಬೇರೆ ದಪ್ಪದ ಕೇಬಲ್ ತುಂಡು ಸೇರಿಸಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ.

ತಂತಿ ತುಂಡಾಗಿದ್ದರೆ ಈ ವಿಧಾನ ನಡೆಯದು. ಆಗ ಕೆಪಾಸಿಟೆನ್ಸ್ (ಎರಡು ತಂತಿಗಳ ನಡುವೆ ಚಾರ್ಜ್ ಹಿಡಿದಿಡುವ ಗುಣ, ಇದು ತಂತಿಯ ಉದ್ದಕ್ಕೆ ತಕ್ಕಂತೆ ಹೆಚ್ಚುತ್ತದೆ) ಅಳೆಯುವ ಮಲ್ಟಿಮೀಟರಿನಿಂದ, ತುಂಡಾದ ತಂತಿಗೂ ಸರಿಯಿರುವ ತಂತಿಗೂ ನಡುವಿನ ಕೆಪಾಸಿಟೆನ್ಸನ್ನು ಎರಡೂ ತುದಿಗಳಿಂದ ನೋಡಬೇಕು. ಮನೆಯ ಕಡೆಯಿಂದ 4 ನ್ಯಾನೊಫ್ಯಾರಡ್, ಕೊಟ್ಟಿಗೆಯ ಕಡೆಯಿಂದ 2 ಬಂದರೆ ತುಂಡಾದ ಜಾಗ ಮನೆಯಿಂದ ಮೂರನೇ ಎರಡು ಭಾಗದಷ್ಟು ದೂರದಲ್ಲಿದೆ. ತುಂಡಾದಲ್ಲಿ ನೀರೂ ನುಗ್ಗಿದ್ದರೆ ಈ ಅಂಕಿ ದಾರಿ ತಪ್ಪಿಸುತ್ತದೆ. ಅದಕ್ಕೇ ಮೊದಲು ಮೆಗ್ಗರ್ ಪರೀಕ್ಷೆ ಆಗಿರಬೇಕು.

ಮೆಗ್ಗರಿನಲ್ಲಿ ಎಲ್ಲ ಸರಿ ಬಂದು, ಮಂಕು ಬೆಳಕಿನ ದೂರು ಮಾತ್ರ ಇದ್ದರೆ ಲೈನ್ ಚಾಲೂ ಮಾಡಿ ಲೋಡಿನ ಪರೀಕ್ಷೆ ಮಾಡಬೇಕು. ಕೊಟ್ಟಿಗೆಯ ಸಾಕೆಟ್ಟಿಗೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಾಕಿದರೆ ಸುಮಾರು 4.3 ಆಂಪಿಯರ್ ಹರಿಯುತ್ತದೆ. ಮೇಲಿನ ಕೇಬಲ್ಲಿನಲ್ಲಿ ಹೋಗಿ ಬರುವ 120 ಮೀಟರಿಗೆ 0.89 ಓಮ್ ಆಗುವುದರಿಂದ ನಾಲ್ಕು ವೋಲ್ಟಿನಷ್ಟು ಇಳಿಯುವುದು ಸಹಜ. ಅದರ ಬದಲು ಮೂವತ್ತು ವೋಲ್ಟ್ ಇಳಿದರೆ, ಯಾವುದೋ ಜಾಯಿಂಟಿನಲ್ಲಿ ನೂರು ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತಿದೆ ಎಂದರ್ಥ. ಒಣ ಹುಲ್ಲು ತುಂಬಿದ ಅಟ್ಟದ ಪಕ್ಕದಲ್ಲಿ ಇದು ಬೆಂಕಿಗೆ ಕಾರಣವಾಗಬಹುದು. ಅದೇ ಹೊತ್ತಿಗೆ ಮನೆಯ ಬೋರ್ಡಿನ ವೋಲ್ಟೇಜನ್ನೂ ಅಳೆಯಬೇಕು, ಏಕೆಂದರೆ ಸಂಜೆಯ ಹೊತ್ತು ಕಂಬದಿಂದಲೇ ವೋಲ್ಟೇಜ್ ಕಡಿಮೆ ಬರುವ ಊರುಗಳಲ್ಲಿ ಕೇಬಲ್ಲನ್ನು ದೂರಿ ಫಲವಿಲ್ಲ.

ಅಗೆತ ಮತ್ತು ದುರಸ್ತಿ

ದೂರ ಗೊತ್ತಾದ ಮೇಲೆ ಕೇಬಲ್ ಹಾದುಹೋದ ದಾರಿಯನ್ನು ಗುರುತಿಸಿ ಅಳೆಯಬೇಕು. ಬಾಗಿದ ಕಡೆ ಹೆಚ್ಚು ಉದ್ದ ಹೋಗಿರುತ್ತದೆ, ಯಾವ ತುದಿಯಿಂದ ದೂರ ಲೆಕ್ಕ ಹಾಕಿದ್ದೀರೋ ಅಲ್ಲಿ ಗೋಡೆ ಹತ್ತಿದ ಉದ್ದವನ್ನೂ ಕಳೆಯಬೇಕು. ಆ ಜಾಗದ ಸುತ್ತಮುತ್ತ ಹೊಸ ಬೇಲಿಗೂಟ, ಇತ್ತೀಚೆಗೆ ತೋಡಿದ ಅಡಿಕೆ ಗುಂಡಿ, ನೀರಿನ ಪೈಪಿಗೆ ತೆಗೆದ ಕಾಲುವೆ ಇದ್ದರೆ ಹುಡುಕಾಟ ಅಲ್ಲಿಂದಲೇ ಆರಂಭವಾಗಲಿ. ಲೈನ್ ಬೇರ್ಪಡಿಸಿಯೇ ಇರುವುದನ್ನು ಮತ್ತೊಮ್ಮೆ ನೋಡಿ, ಹಾರೆ ಪಿಕಾಸಿ ಬಿಟ್ಟು ಸಲಿಕೆಯಿಂದ ನಿಧಾನವಾಗಿ ತೆಗೆಯಬೇಕು.

ಕೆಟ್ಟ ಜಾಗ ಸಿಕ್ಕಿದಾಗ ತಾಮ್ರ ಕಪ್ಪಾಗಿರುವಷ್ಟೂ ಕತ್ತರಿಸಿ, ಹೊಳೆಯುವ ತಂತಿ ಕಾಣುವವರೆಗೆ ಹಿಂದೆ ಹೋಗಬೇಕು. ನೀರು ತಂತಿಯ ಎಳೆಗಳ ನಡುವೆ ದೂರದವರೆಗೆ ಹರಿದಿರುತ್ತದೆ. ತಿರುಚಿ ಟೇಪು ಸುತ್ತಿ ಹೂಳುವುದು ಮುಂದಿನ ಮಳೆಗಾಲದ ದೋಷವನ್ನು ಇಂದೇ ಹೂತಂತೆ. ನೆಲದಡಿಯಲ್ಲೇ ಜೋಡಿಸಬೇಕಾದರೆ ಕ್ರಿಂಪ್ ಮಾಡಿದ ಕನೆಕ್ಟರ್, ರೆಸಿನ್ ಸುರಿಯುವ ಜಾಯಿಂಟ್ ಕಿಟ್ ಬೇಕು, ಮತ್ತು ಆರ್ಮರ್ ಕವಚವನ್ನೂ ಜಾಯಿಂಟಿನಾಚೆಗೆ ಕಡಿಯದಂತೆ ಜೋಡಿಸಬೇಕು. ಜಾಗವಿದ್ದರೆ ಎರಡೂ ತುದಿಗಳನ್ನು ಮೇಲೆ ತಂದು, ಸಣ್ಣ ಕಂಬದ ಮೇಲೆ ನೀರು ಹೊಗದ ಬಾಕ್ಸಿನಲ್ಲಿ ಜೋಡಿಸುವುದನ್ನೇ ನಾನು ಸೂಚಿಸುತ್ತೇನೆ; ಮುಂದಿನ ಸಲ ಅರ್ಧ ಲೈನನ್ನು ಅಲ್ಲೇ ಬೇರ್ಪಡಿಸಿ ಪರೀಕ್ಷಿಸಬಹುದು.

ಎರಡು ಮೂರು ಕಡೆ ದೋಷ ಸಿಕ್ಕಿದರೆ, ಅಥವಾ ಒಳಗಿರುವುದು ಮನೆ ವೈರಿಂಗಿನ ತಂತಿಯೇ ಆಗಿದ್ದರೆ, ದುರಸ್ತಿಗೆ ಹಣ ಸುರಿಯದೆ ಹೊಸ ಆರ್ಮರ್ಡ್ ಕೇಬಲ್ ಹಾಕಿಸಬೇಕು. 75 ಸೆಂಟಿಮೀಟರ್ ಆಳ, ಕೆಳಗೂ ಮೇಲೂ ಮರಳು, ಅದರ ಮೇಲೆ ಇಟ್ಟಿಗೆ ಅಥವಾ ಹಳೆಯ ಹಂಚು, ಅರ್ಧ ಮಣ್ಣು ಮುಚ್ಚಿದ ಮೇಲೆ ಎಚ್ಚರಿಕೆಯ ಟೇಪು. ಟ್ರ್ಯಾಕ್ಟರ್ ದಾಟುವ ಜಾಗದಲ್ಲಿ ಗಟ್ಟಿ ಪೈಪು.

ಮುಚ್ಚುವ ಮೊದಲೂ ಮುಚ್ಚಿದ ಮೇಲೂ ಮೆಗ್ಗರ್ ಪರೀಕ್ಷೆ ಮಾಡಿಸಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಅದು ಬೀಳುವುದನ್ನು ನೋಡಿ, ಆಮೇಲೆ ದನಗಳನ್ನು ಒಳಗೆ ಕಟ್ಟಬೇಕು. ಕೇಬಲ್ ಹಾದ ದಾರಿಯ ಫೋಟೋ, ಗೋಡೆಯ ಮೂಲೆಯಿಂದ ಜಾಯಿಂಟಿಗೆ ಇರುವ ದೂರ, ಮೆಗ್ಗರಿನ ಅಂಕಿ ಮತ್ತು ದಿನಾಂಕವನ್ನು ಬರೆದು ಮೀಟರ್ ಬೋರ್ಡಿನೊಳಗೆ ಅಂಟಿಸಿಡಿ. ಮುಂದಿನ ಜೂನ್‌ನಲ್ಲಿ ಮತ್ತೊಮ್ಮೆ ಅಳೆಸಿದಾಗ 200 ಮೆಗಾಓಮ್ ಇದ್ದದ್ದು 5ಕ್ಕೆ ಇಳಿದಿದ್ದರೆ, ಲೈನ್ ಇನ್ನೂ ಕೆಲಸ ಮಾಡುತ್ತಿದ್ದರೂ, ಆ ಮಳೆ ಬಲಿಯುವ ಮೊದಲೇ ವೈರ್‌ಮನ್‌ರನ್ನು ಕರೆಸಬೇಕು.